ಬುಜ್ಜಿಗೆ ಪಾಠ ಹೇಳಿದ ಬೆಲ್ ತಾತ

ಬೆಲ್ ತಾತ ಉಸಿರೆಳೆದಾಗಲೆಲ್ಲ ಅವರ ಕತ್ತಿನ ಬುಡದಲ್ಲಿ, ಎರಡೂ ಪಕ್ಕ, ಗುಳಿ ಬೀಳುತ್ತಿತ್ತು. ಒಂದೊಂದರಲ್ಲಿ ಒಂದೊಂದು ಹುಣಸೆಬೀಜ ಇಟ್ಟರೆ ಉರುಳದೆ ನಿಲ್ಲುತ್ತಿತ್ತೇನೋ, ಅಷ್ಟು ಆಳ. ಉಸಿರು ಬಿಟ್ಟಾಗ ಗುಳಿ ಸ್ವಲ್ಪ ಮೇಲಕ್ಕೆ ಬರುತ್ತಿತ್ತು, ಪೂರ್ತಿ ತುಂಬುತ್ತಿರಲಿಲ್ಲ. ಎದುರಿಗೆ ಕೂತು ನೋಡುತ್ತಿದ್ದರೆ ನಮಗೇ ಉಸಿರು ಕಟ್ಟಿದ ಹಾಗಾಗುತ್ತಿತ್ತು. ನಾನಂತೂ ಮಾತಾಡುವಾಗ ಅವರ ಮುಖವನ್ನಷ್ಟೇ ನೋಡುತ್ತಿದ್ದೆ.

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನಲ್ಲಿ ನಮ್ಮದು ಲೈನ್ ಮನೆ. ಗಣಿ ಕೆಲಸದವರಿಗೆಂದು ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಉದ್ದನೆಯ ಸಾಲು. ನಮ್ಮದು ನಡುವಿನ ಮನೆ, ಅವರದು ರಸ್ತೆ ಕಡೆಯ ಕೊನೆಯ ಮನೆ. ಚಿಕ್ಕ ವಯಸ್ಸಿನಲ್ಲಿ ಅವರು ಗಣಿಯೊಳಗೆ ಬಂಡೆ ಕೊರೆಯುವ ಮೆಷಿನ್ ಹಿಡಿದವರು. ದೂಳು ಎದೆಗೆ ಕೂತು ಕೆಮ್ಮು ಶುರುವಾದ ಮೇಲೆ ಅವರನ್ನು ಬೆಲ್ಲಿಗೆ ಹಾಕಿದರಂತೆ. ಆಳುಗಳನ್ನು ಇಳಿಸಿ ಹತ್ತಿಸುವ ಕೇಜಿಗೆ ಬೆಲ್ ಹೊಡೆಯುವ ಕೆಲಸ ಅದು. ಮೇಲೆ ಎಂಜಿನ್ ನಡೆಸುವವನಿಗೆ ಕೆಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ಬೆಲ್ಲು ಎಷ್ಟು ಸಲ ಬಡಿಯಿತು ಅನ್ನುವುದೊಂದೇ ಅವನಿಗೆ ಗೊತ್ತಾಗುವುದು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾದರೂ ನಮ್ಮ ಸಾಲಿನಲ್ಲಿ ಎಲ್ಲರಿಗೂ ಅವರು ಬೆಲ್ ತಾತನೇ.

ನಾನು ಮದುವೆಯಾಗಿ ಆ ಸಾಲಿಗೆ ಬಂದು ಹನ್ನೊಂದು ವರ್ಷ ಆಗಿತ್ತು. ಅಷ್ಟು ವರ್ಷದಲ್ಲಿ ನಾನು ಅವರೊಡನೆ ಆಡಿದ ಮಾತು ‘ಊಟ ಆಯ್ತಾ ತಾತ’ ಅಂತ, ಅಷ್ಟೇ. ಒಂದು ನಾಯಿಮರಿ ಬರದೇ ಹೋಗಿದ್ದರೆ ಅದಕ್ಕಿಂತ ಹೆಚ್ಚು ಆಡುತ್ತಲೂ ಇರಲಿಲ್ಲ.

ಬಂಗಾರಪೇಟೆಯ ಒಂದು ಟೇಲರ್ ಅಂಗಡಿಯಲ್ಲಿ ನಾನು ಸ್ಕೂಲ್ ಯೂನಿಫಾರಂ ಹೊಲಿಯುತ್ತೇನೆ. ಅಂಗಡಿಯ ಹಿಂದೆ ಬೀದಿನಾಯಿಯೊಂದು ಮರಿ ಹಾಕಿತ್ತು. ತಾಯಿ ಲಾರಿಗೆ ಸಿಕ್ಕಿತು, ಮರಿಗಳು ಒಂದೊಂದಾಗಿ ಹೋದವು, ಉಳಿದದ್ದು ಒಂದು. ಅದು ಬಟ್ಟೆ ಚೂರಿನ ರಾಶಿಯೊಳಗೆ ಹೊಕ್ಕು, ನನ್ನ ಕಾಲಿಗೆ ಮೂತಿ ಇಟ್ಟು ಮಲಗುತ್ತಿತ್ತು. ನಾಲ್ಕು ದಿನ ನೋಡಿದೆ. ಐದನೆಯ ದಿನ ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿಬಿಟ್ಟೆ. ಕಪ್ಪು ಬಣ್ಣ, ಎದೆ ಮೇಲೆ ಸುಣ್ಣ ಚೆಲ್ಲಿದ ಹಾಗೆ ಒಂದು ಬಿಳಿ ಮಚ್ಚೆ.

ಯಾಕೆ ತಂದೆ ಎಂದು ನಮ್ಮವರು ಕೇಳಿದಾಗ ‘ಪಾಪ ಅನ್ನಿಸ್ತು’ ಅಂದೆ. ಅದು ಅರ್ಧ ಸುಳ್ಳು. ಆ ಮನೆಯಲ್ಲಿ ನನ್ನ ಮಾತು ಕೇಳುವ ಜೀವ ಒಂದೂ ಇರಲಿಲ್ಲ, ಅದು ನಿಜ. ಗಂಡ ಕೆಟ್ಟವರಲ್ಲ, ಅತ್ತೆಯೂ ಕೆಟ್ಟವರಲ್ಲ. ಆದರೆ ನಾನು ಹೇಳಿದ್ದು ಅವರ ಕಿವಿಗೆ ಬೀಳುವುದು ಮೂರನೆಯ ಸಲಕ್ಕೆ. ಅಷ್ಟರಲ್ಲಿ ನನಗೆ ಸಿಟ್ಟು ಬಂದಿರುತ್ತದೆ. ಸಿಟ್ಟಿನಲ್ಲಿ ಆಡಿದ್ದನ್ನು ಯಾರು ತಾನೇ ಕೇಳುತ್ತಾರೆ? ಒಂದು ನಾಯಿಯಾದರೂ ನಾನು ‘ಬಾ’ ಅಂದರೆ ಬರಲಿ ಎಂದು ಆಸೆಪಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುವಂಥ ಆಸೆ ಅದು.

ಅಯ್ಯೋ, ಬಂತಾ ಅದು? ನನ್ನ ಪುಣ್ಯ, ಒಂದು ಹೆಜ್ಜೆ ಬರಲಿಲ್ಲ! ಮನೆಯ ಮೂಲೆ ಮೂಲೆಯಲ್ಲೂ ಉಚ್ಚೆ ಹೊಯ್ಯುತ್ತಿತ್ತು. ಅತ್ತೆಯ ಸೀರೆಯ ಅಂಚು ಹರಿಯಿತು. ಸ್ಕೂಲಿಗೆ ಹೋಗುವ ಮಕ್ಕಳ ಹಿಮ್ಮಡಿ ಹಿಡಿದು ಜಗ್ಗುತ್ತಿತ್ತು. ಎದುರು ಸಾಲಿನ ಹೆಂಗಸೊಬ್ಬಳು ತನ್ನ ಮಗಳ ಕಾಲಿನ ಹಲ್ಲಿನ ಗುರುತು ತೋರಿಸಿ ಬೀದಿಯಲ್ಲಿ ನಿಂತು ಕೂಗಾಡಿದಳು. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಮರಿಗೂ ಹಾಕಿಸಿದೆ. ಆ ದಿನ ನಮ್ಮವರು ತೀರ್ಮಾನ ಹೇಳಿದರು.

“ಬರೋ ತಿಂಗ್ಳು ಅಮಾಸೆವರ್ಗೂ ನೋಡ್ತೀನಿ. ಅಷ್ಟ್ರಲ್ಲಿ ನಿನ್ ಮಾತು ಕೇಳಿದ್ರೆ ಇರ್ಲಿ. ಇಲ್ಲಾಂದ್ರೆ ಬೂದಿಕೋಟೆಗೆ ಬಿಟ್ ಬತ್ತೀನಿ.”

ಬೂದಿಕೋಟೆಯ ಪಕ್ಕದ ಹಳ್ಳಿ ನನ್ನ ತವರು. ಅಣ್ಣ ಹಸು ಸಾಕಿದ್ದಾನೆ, ಡೇರಿಗೆ ಹಾಲು ಹಾಕುತ್ತಾನೆ. ಅಲ್ಲಿ ನಾಯಿ ಅಂದರೆ ಕೊಟ್ಟಿಗೆಯ ಕಂಬ, ಎರಡು ಮೊಳದ ಸರಪಳಿ. ಅಲ್ಲೇ ತಿನ್ನಬೇಕು, ಅಲ್ಲೇ ಹೇಲಬೇಕು, ಅಲ್ಲೇ ಬೊಗಳಿ ಬೊಗಳಿ ಮುದಿಯಾಗಬೇಕು. ನಾನು ಅಂಥ ಮೂರು ನಾಯಿಗಳ ಕಣ್ಣು ನೋಡಿ ಬೆಳೆದವಳು. ನಾಲ್ಕನೆಯದನ್ನು ನಾನೇ ಕಳಿಸುವುದು ಹೇಗೆ?

ಅದಕ್ಕೇ ಪಾಠ ಶುರುಮಾಡಿದೆ. ಸಂಜೆ ಬಸ್ಸಿಳಿದು ಬಂದವಳೇ ಮನೆಯ ಮುಂದೆ ನಿಂತು “ಕರಿಯಾ, ಬಾ! ಬಾರೋ!” ಎಂದು ಕೂಗುವುದು. ಮರಿ ಒಮ್ಮೆ ನನ್ನನ್ನು ನೋಡಿ, ಕಿವಿ ಕೆರೆದುಕೊಂಡು, ಚರಂಡಿಯ ಕಡೆ ಹೋಗುವುದು. ನಾನು ಓಡಿ ಹೋಗಿ ಹಿಡಿದು ಎರಡು ಬಾರಿಸುವುದು. ಮಾರನೆಯ ದಿನ ಅದು ಇನ್ನೂ ದೂರ ಓಡುವುದು. ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ನಾನು ಮೆಟ್ಟಿಲ ಮೇಲೆ ಕೂತು, ನೆರೆಹೊರೆಯವರು ನೋಡಿದರೆ ನೋಡಲಿ ಎಂದು, ಸೆರಗು ಬಾಯಿಗೆ ಇಟ್ಟುಕೊಂಡು ಅತ್ತುಬಿಟ್ಟೆ.

ಆಗ ಟಣ್ ಟಣ್ ಎಂದು ಎರಡು ಸಲ ಸದ್ದಾಯಿತು. ತಲೆ ಎತ್ತಿ ನೋಡಿದರೆ ಬೆಲ್ ತಾತ ತಮ್ಮ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಿದ್ದಾರೆ. ಮರಿ ಆ ಹೊಸ ಸದ್ದು ಏನು ಎಂದು ನೋಡಲು ಅವರ ಹತ್ತಿರ ಹೋಯಿತು. ಹೋದ ಕೂಡಲೇ ಅವರು ಬೇಯಿಸಿದ ಕೋಳಿ ಲಿವರ್‌ನ ಒಂದು ಚೂರು ಅದರ ಬಾಯಿಗೆ ಹಾಕಿದರು. ಬೆಂಡೆಕಾಯಿ ಬೀಜದಷ್ಟು ಚೂರು. ಆಮೇಲೆ ನನ್ನನ್ನು ಕೈ ಸನ್ನೆ ಮಾಡಿ ಕರೆದರು.

ಅವರಿಗೆ ಮೂರು ಮಾತಾಡಿದರೆ ಒಂದು ಉಸಿರು ಬೇಕು. ಅದಕ್ಕೇ ಅವರ ಮಾತೆಲ್ಲ ತುಂಡು ತುಂಡು. “ಇದ್ಕೆ ಎಸ್ರೇನಮ್ಮ?” ಎಂದು ಕೇಳಿದರು.

“ಕರಿಯ.”

“ನಿನ್ ಗಂಡ ಟೈಗರ್ ಅಂತಾನೆ. ನಿಮ್ಮತ್ತೆ ಬುಜ್ಜಿ ಅಂತಾಳೆ. ನೀನು ಬಾ ಅಂತೀಯ. ಅವ್ನು ವಾಡಾ ಅಂತಾನೆ. ಆಯಮ್ಮ ರಾ ರಾ ಅಂತಾಳೆ.” ನಿಂತು ಉಸಿರೆಳೆದುಕೊಂಡರು. “ನಾನು ಒಂದು ವಾರದಿಂದ ಕೇಳ್ತಾ ಕೂತಿವ್ನಿ. ನಾಯಿ ಏನ್ ಮಾಡ್ಬೇಕು, ಏಳು? ಅದೇನು ನಮ್ಮೂರ ಕಂಡಕ್ಟ್ರಾ, ಮೂರು ಭಾಷೆ ಕಲ್ಯೋಕೆ?”

ನನಗೆ ಅಳುವಿನ ನಡುವೆಯೂ ನಗು ಬಂತು. ನಾನು ಹಳ್ಳಿಯ ಕನ್ನಡದವಳು, ಅತ್ತೆ ಆಂಧ್ರದ ಗಡಿಯಿಂದ ಬಂದವರು, ನಮ್ಮವರು ಲೈನಿನಲ್ಲೇ ಹುಟ್ಟಿ ಬೆಳೆದು ಬೀದಿಗಿಳಿದರೆ ತಮಿಳು. ನಮ್ಮ ನಮ್ಮಲ್ಲಿ ಇದು ಯಾವತ್ತೂ ಕಷ್ಟ ಆಗಿರಲಿಲ್ಲ. ಯಾರು ಯಾವುದರಲ್ಲಿ ಕೇಳಿದರೂ ಯಾವುದರಲ್ಲೋ ಉತ್ತರ ಹೇಳುತ್ತೇವೆ. ಎರಡು ತಿಂಗಳ ಮರಿಗೆ ಅದು ಹೇಗೆ ತಿಳಿಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

“ಗಣೀಲೂ ಇಂಗೇ ಇತ್ತು,” ಅಂದರು ತಾತ. “ತಮಿಳ್ನೋರು, ತೆಲುಗ್ನೋರು, ಕನ್ನಡ್ದೋರು, ಮಲಯಾಳ್ದೋರು. ಬಾಯಿ ಬೇರೆ ಬೇರೆ. ಬೆಲ್ಲು ಮಾತ್ರ ಒಂದೇ.”

ಹೀಗೆ ನನ್ನ ಪಾಠ ಶುರುವಾಯಿತು. ನಾಯಿಗಲ್ಲ, ನನಗೆ. ಮೊದಲ ತಿಂಗಳು ಎರಡೇ ಬೆಲ್ಲು ಎಂದು ಹೇಳಿಬಿಟ್ಟರು. ಒಂದು ಬಡಿದರೆ ನಿಲ್ಲು, ಏನು ಮಾಡುತ್ತಿದ್ದೀಯೋ ಅದನ್ನು ಬಿಟ್ಟು ಕೂತುಕೋ. ಎರಡು ಬಡಿದರೆ ಬಾ. ಹೆಸರು ಯಾವುದಾದರೂ ಒಂದು ಇರಲಿ, ಮನೆಯವರೆಲ್ಲ ಅದನ್ನೇ ಕರೆಯಲಿ ಅಂದರು. ಆ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಅದೊಂದು ದೊಡ್ಡ ಪಂಚಾಯ್ತಿ. ನಮ್ಮವರು ಟೈಗರ್ ಬಿಡಲು ಒಪ್ಪಿದರು, ನಾನೂ ಕರಿಯನನ್ನು ಬಿಟ್ಟೆ, ಅತ್ತೆ ಮಾತ್ರ ಬುಜ್ಜಿಯನ್ನು ಬಿಡಲಿಲ್ಲ. ಎದೆ ಉಬ್ಬಿಸಿ ನಡೆಯುವ ಆ ಗಂಡುಮರಿ ಅವತ್ತಿನಿಂದ ಬುಜ್ಜಿ ಆಯಿತು. ಲೋಟ ಚಮಚವನ್ನೂ ಅತ್ತೆಯೇ ಕೊಟ್ಟರು, ಸೊಟ್ಟಗಾಗಿದ್ದದ್ದನ್ನು.

ದಿನಾ ಸಂಜೆ ತಾತನ ಮನೆ ಮುಂದೆ ಪಾಠ. ಹತ್ತು ನಿಮಿಷಕ್ಕಿಂತ ಹೆಚ್ಚು ಇಲ್ಲ. ಮರಿ ಚೆನ್ನಾಗಿ ಮಾಡುತ್ತಿರುವಾಗಲೇ ನಿಲ್ಲಿಸಬೇಕು, ಬೇಸರ ಬಂದ ಮೇಲಲ್ಲ. ಬಂದ ಕೂಡಲೇ ಚೂರು ಕೊಡಬೇಕು. ನಾನು ಸೆರಗಿನ ಗಂಟು ಬಿಚ್ಚಿ ತೆಗೆಯುವಷ್ಟರಲ್ಲಿ ಮರಿ ಬೇರೇನೋ ಮಾಡಿರುತ್ತಿತ್ತು. “ನೋಡು, ಈಗ ನೀನು ಕೊಟ್ಟಿದ್ದು ಕಿವಿ ಕೆರ್ಕೊಂಡಿದ್ದಕ್ಕೆ,” ಅನ್ನುತ್ತಿದ್ದರು. ಕಚ್ಚಲು ಬಂದರೆ ಕೈ ಎಳೆದುಕೊಳ್ಳಬಾರದು, ಕಿರುಚಬಾರದು, ಎದ್ದು ಬೆನ್ನು ತಿರುಗಿಸಬೇಕು. ಆಟ ನಿಂತುಹೋಯಿತಲ್ಲ ಎಂದು ಅದಕ್ಕೇ ಬೇಜಾರಾಗುತ್ತದೆ. ತಿಂದ ಮೇಲೆ, ಮಲಗಿ ಎದ್ದ ಮೇಲೆ ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ ನಿಲ್ಲಬೇಕು. ಮನೆಯೊಳಗೆ ಹೊಯ್ದರೆ ಬಾಯಿ ಮುಚ್ಚಿಕೊಂಡು ಒರೆಸಬೇಕು.

ಅವರಿಗೆ ನಿಜವಾಗಿ ಕೋಪ ಬಂದದ್ದು ಒಂದೇ ಸಲ. ಬುಜ್ಜಿ ನನ್ನ ಚಪ್ಪಲಿ ಅಗಿದಿತ್ತು. ಎರಡು ಬಡಿದು ಕರೆದೆ, ಬಂತು. ಬಂದದ್ದಕ್ಕೆ ಚಪ್ಪಲಿ ಮೂತಿಗೆ ಹಿಡಿದು ಒಂದು ಕೊಟ್ಟೆ. ತಾತ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟುಬಿಟ್ಟರು.

“ಕರ್ದು ಒಡೀತೀಯಾ? ನಂಬಿ ಬಂದೋರ್ನ ಒಡೀತೀಯಾ? ಒಡೀಬೇಕಾದ್ರೆ ನೀನೇ ಅದ್ರತ್ರ ಓಗು. ಕರೀಬ್ಯಾಡ.” ಇಷ್ಟು ಮಾತು ಒಟ್ಟಿಗೆ ಆಡಿದ್ದಕ್ಕೆ ಅವರಿಗೆ ಕೆಮ್ಮು ಹತ್ತಿಕೊಂಡಿತು.

ಆ ಕೆಮ್ಮಿನ ಬಗ್ಗೆ ಏನು ಹೇಳಲಿ? ಕೆಮ್ಮು ಬಂದರೆ ಅವರು ಎರಡು ಮೊಣಕಾಲಿನ ಮೇಲೆ ಕೈ ಊರಿ ಬಗ್ಗುತ್ತಿದ್ದರು. ಬೆನ್ನ ಮೂಳೆ ಅಂಗಿಯ ಮೇಲೆ ಎಣಿಸುವ ಹಾಗೆ ಏಳುತ್ತಿತ್ತು. ನಾನು ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದೆ. ‘ತಾಳು’ ಎಂದು ಅವರು ಒಂದು ಕೈ ಎತ್ತುತ್ತಿದ್ದರು. ಬೆನ್ನು ಸವರಲೇ, ಬೇಡವೇ, ಒಳಗಿರುವ ಅವರ ಹೆಂಡತಿ ಅಜ್ಜಿಯನ್ನು ಕೂಗಲೇ, ಒಂದೂ ಗೊತ್ತಾಗದೆ ಕಂಬದ ಹಾಗೆ ನಿಲ್ಲುವುದು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಅಂದುಬಿಟ್ಟಿದ್ದಾರೆ ಎಂದು ಅಜ್ಜಿ ಹೇಳಿದ್ದರು. ಆ ನೀರನ್ನು ಅವರು ಕುಡಿದದ್ದು ನಾನು ಒಂದು ದಿನವೂ ನೋಡಲಿಲ್ಲ.

ಸುಧಾರಿಸಿಕೊಂಡ ಮೇಲೆ ಒಮ್ಮೊಮ್ಮೆ ಗಣಿಯ ಮಾತು ತೆಗೆಯುತ್ತಿದ್ದರು. ಒಂದು ಸಂಜೆ ಬುಜ್ಜಿ ಎರಡು ಬೆಲ್ಲಿಗೆ ಬರಲಿಲ್ಲ ಎಂದು ನಾನು ಲೋಟವನ್ನು ಟಣಟಣ ಬಡಿಯತೊಡಗಿದೆ. ತಾತ ನನ್ನ ಕೈ ಹಿಡಿದುಕೊಂಡರು.

“ಒಂದ್ಸಲ ಕೆಳ್ಗೆ ಬಂಡೆ ಜಾರ್ತು. ಒಬ್ಬ ಒಸ ಆಳು ಬೆಲ್ಲಿನ ಅಗ್ಗ ಇಡ್ಕಂಡ. ಭಯ. ಒಡ್ದ, ಒಡ್ದ, ಒಡೀತಾನೇ ಇದ್ದ. ಮೇಲೆ ಎಂಜಿನ್ನೋನಿಗೆ ಏನು ತಿಳೀತದೆ? ಎತ್ಲಾ, ಇಳಿಸ್ಲಾ, ನಿಲ್ಲಿಸ್ಲಾ? ಏನೂ ಮಾಡ್ದೆ ಕೂತ.”

“ಆಮೇಲೆ?”

“ಆಮೇಲೇನು. ಒಬ್ಬನ ಕಾಲು ಓಯ್ತು.” ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಹೇಳಿದರು. “ಭಯ ಬಿದ್ದಾಗ್ಲೇ ಕಮ್ಮಿ ಒಡೀಬೇಕಮ್ಮ. ನೀನು ಒಡೀತಿರೋದು ಭಯಕ್ಕೆ. ನನ್ ಮಾತು ಯಾರೂ ಕೇಳಲ್ಲ ಅಂತ ನೀನೇ ತೀರ್ಮಾನ ಮಾಡ್ಕಂಡಿದ್ದೀಯ. ನಾಯಿಗೂ ಅದು ಗೊತ್ತಾಗ್ತದೆ.”

ಹನ್ನೊಂದು ವರ್ಷದಲ್ಲಿ ಆ ಮಾತನ್ನು ನನ್ನ ಬಗ್ಗೆ ಯಾರೂ ಹೇಳಿರಲಿಲ್ಲ. ನಾನು ಏನೋ ನೆಪ ಹೇಳಿ ಮನೆಗೆ ಬಂದುಬಿಟ್ಟೆ.

ಮೂರು ವಾರ ಕಳೆಯುವಷ್ಟರಲ್ಲಿ ಬುಜ್ಜಿ ಒಳ್ಳೆಯ ಮರಿ ಅನ್ನಿಸಿಕೊಂಡಿತು. ಮಕ್ಕಳ ಹಿಮ್ಮಡಿಯ ತಂಟೆಗೆ ಹೋಗುತ್ತಿರಲಿಲ್ಲ. ಒಂದು ಬಡಿದರೆ ಕುಂಡೆ ನೆಲಕ್ಕೆ ಊರಿ ಕೂರುತ್ತಿತ್ತು. ಕೂಗಾಡಿದ್ದ ಹೆಂಗಸೇ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟಳು. ನಾನು ಮೆರೆದೆ. ಅದೆಲ್ಲ ತಾತ ಎದುರಿಗೆ ಕೂತಿದ್ದಾಗ, ತಾತನ ಲೋಟಕ್ಕೆ ಅನ್ನುವುದನ್ನು ನಾನು ಗಮನಿಸಲೇ ಇಲ್ಲ. ನಮ್ಮ ಮನೆಯಲ್ಲಿ ನಾನು ಬಡಿದರೆ ಅದು ಬಾಗಿಲಾಚೆ, ಅವರ ಮನೆ ಕಡೆ ನೋಡುತ್ತಿತ್ತು.

ಅಮಾವಾಸ್ಯೆಗೆ ಇನ್ನು ಹನ್ನೆರಡು ದಿನ. ಅವತ್ತು ಭಾನುವಾರ ಬೆಳಿಗ್ಗೆ ನಾನು ಮನೆ ಮುಂದೆ ಪಾತ್ರೆ ತೊಳೆಯುತ್ತಿದ್ದೆ. ರಸ್ತೆಯಾಚೆ ಆಡುಗಳು ಬಂದವು. ಬುಜ್ಜಿ ಬಾಣದ ಹಾಗೆ ಓಡಿತು. ಅದೇ ಹೊತ್ತಿಗೆ ಬಂಗಾರಪೇಟೆ ಬಸ್ಸು ತಿರುವಿನಲ್ಲಿ ಕಾಣಿಸಿತು. ನನಗೆ ಏನೂ ತೋಚಲಿಲ್ಲ. ಕೈಗೆ ಸಿಕ್ಕಿದ ತಟ್ಟೆಗೆ ಸೌಟಿನಿಂದ ಬಡಿದೆ, ಬಡಿದೆ, ಬಡಿಯುತ್ತಲೇ ಓಡಿದೆ. “ಬಾರೋ! ಬುಜ್ಜೀ, ಬಾ!” ಅಂದೆ. ಹಿಂದಿನಿಂದ ಅತ್ತೆ “ರಾ ರಾ!” ಅಂದರು. ನಮ್ಮವರು ಸೋಪು ಹಚ್ಚಿದ ಮುಖದಲ್ಲೇ ಹೊರಗೆ ಬಂದು “ಡೇಯ್, ವಾಡಾ!” ಅಂದರು. ಮರಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಬಾಲ ಹೊಟ್ಟೆಗೆ ಹಾಕಿಕೊಂಡು ನಮ್ಮ ಮೂವರ ಮುಖವನ್ನೂ ನೋಡಿತು, ಒಂದು ಹೆಜ್ಜೆಯೂ ಕಿತ್ತಿಡಲಿಲ್ಲ. ಬಸ್ಸಿನ ಹಾರ್ನು ಕಿವಿ ಹರಿಯುವ ಹಾಗೆ ಕೂಗುತ್ತಿತ್ತು.

ಟಣ್, ಟಣ್.

ತಾತ ಕಲ್ಲಿನಿಂದ ಎದ್ದು ನಿಂತಿದ್ದರು. ಬುಜ್ಜಿ ತಿರುಗಿತು. ಕೈ ಚಾಚಿ ನಿಂತಿದ್ದ ನನ್ನ ಪಕ್ಕದಿಂದಲೇ ಓಡಿ ಹೋಗಿ ಅವರ ಕಾಲ ಬಳಿ ಕೂತಿತು. ಬಸ್ಸು ಹೋಯಿತು. ಸಾಲಿನವರೆಲ್ಲ ಬಂದು ತಾತನನ್ನು ಹೊಗಳಿದ್ದೇ ಹೊಗಳಿದ್ದು. ಅವರಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಬಗ್ಗಿ ಕೆಮ್ಮಿದರು. ಎಂದಿನ ಹಾಗೆ ನಾನು ನೀರು ಹಿಡಿದು ನಿಂತೆ, ಎಂದಿನ ಹಾಗೆ ಅವರು ಕೈ ಎತ್ತಿದರು. ಕೆಮ್ಮು ನಿಂತ ಮೇಲೆ ಮರಿಯ ತಲೆ ಮೇಲೆ ಕೈಯಿಟ್ಟು, “ನನ್ನತ್ರ ಯಾಕ್ಲಾ ಬಂದೆ?” ಎಂದು ಕೇಳಿದರು. ಮುದ್ದಿಗೆ ಹಾಗೆ ಕೇಳಿದರು ಎಂದುಕೊಂಡೆ.

ಮಾರನೆಯ ಸಂಜೆ ನಾನು ಬುಜ್ಜಿಯನ್ನು ಕರೆದುಕೊಂಡು ಹೋದರೆ ಕಲ್ಲಿನ ಮೇಲೆ ತಾತ ಇಲ್ಲ. ಬಾಗಿಲು ಮುಚ್ಚಿತ್ತು. ಲೈನ್ ಮನೆಗಳಲ್ಲಿ ಹಗಲು ಹೊತ್ತು ಬಾಗಿಲು ಹಾಕುವವರು ಯಾರೂ ಇಲ್ಲ. ತಟ್ಟಿದೆ. ಒಳಗಿನಿಂದ ಅಜ್ಜಿಯ ದನಿ ಬಂತು. “ಮಲ್ಗವ್ರಮ್ಮ. ಮರೀನ ಕರ್ಕಂಡು ಓಗು.” ಅದರ ಮಾರನೆಯ ದಿನವೂ ಅದೇ ಮಾತು. ಅದರ ಮಾರನೆಯ ದಿನವೂ ಅದೇ.

ನಾನು ತಟ್ಟೆ ಬಡಿದದ್ದಕ್ಕೆ ಸಿಟ್ಟಾಗಿದ್ದಾರೆ ಅಂದುಕೊಂಡೆ. ತಪ್ಪೇ, ಒಪ್ಪಿದೆ. ಆದರೆ ಅದಕ್ಕೆ ಮರಿ ಏನು ಮಾಡಿತ್ತು? ಬುಜ್ಜಿ ಅವರ ಬಾಗಿಲು ಬಿಟ್ಟು ಏಳುತ್ತಿರಲಿಲ್ಲ. ಮುಂಗಾಲಿನಿಂದ ಬಾಗಿಲು ಕೆರೆಯುವುದು, ಸಂದಿಗೆ ಮೂತಿ ಇಟ್ಟು ಕುಂಯ್‌ಗುಟ್ಟುವುದು. ನಾನು ಬೀದಿಯಲ್ಲಿ ನಿಂತು ಎರಡು ಬಡಿದರೆ ತಿರುಗಿ ಕೂಡ ನೋಡುತ್ತಿರಲಿಲ್ಲ. ಕೊನೆಗೆ ಎತ್ತಿಕೊಂಡು ಬರಬೇಕು. ಮನೆಯಲ್ಲಿ ಅದು ತಿನ್ನುವುದನ್ನೂ ಬಿಟ್ಟಿತು. ನಮ್ಮವರು ಎಲ್ಲಿಂದಲೋ ಒಂದು ಸರಪಳಿ ತಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.

ಆರನೆಯ ದಿನ ನನಗೆ ತಡೆಯಲಾಗಲಿಲ್ಲ. ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಆ ಬಾಗಿಲು ಗುದ್ದಿದೆ.

“ತಾತಾ, ಒಂದ್ಸಲ ಬಾಗ್ಲು ತೆಗೀರಿ. ಮೂಗ್ ಪ್ರಾಣಿ, ಆರು ದಿನದಿಂದ ನಿಮ್ಮನ್ನ ಕೇಳ್ತಾ ಐತೆ!”

ಒಳಗೆ ಯಾವ ಸದ್ದೂ ಇಲ್ಲ.

“ಅಭ್ಯಾಸ ಮಾಡ್ಸಿ ಇಂಗಾ ಕೈ ಬಿಡೋದು? ಸಾಯೋ ಕಾಲದಾಗೆ ಮನುಷ್ಯಂಗೆ ಇಷ್ಟು ಕಲ್ಲು ಮನ್ಸು ಇರ್ಬಾರ್ದು!”

ನನ್ನ ಬಾಯಿಂದ ಬಂದ ಮಾತು ಇದು. ಒಂದಕ್ಷರವನ್ನೂ ಮುಚ್ಚಿಡದೆ ಬರೆದಿದ್ದೇನೆ. ಅದುವರೆಗೆ ಯಾರಿಗೂ ಹಾಗೆ ಅಂದವಳಲ್ಲ ನಾನು. ಸಾಲಿನ ನಾಲ್ಕು ಮನೆಯವರು ಹೊರಗೆ ಬಂದು ನೋಡುತ್ತಿದ್ದರು.

ಅವತ್ತಿನಿಂದ ನನಗೆ ಒಂದು ಥರ ಹಟ ಬಂತು. ಯಾರ ಹಂಗೂ ಬೇಡ ಅನ್ನಿಸಿತು. ಸಂಜೆ ಬಸ್ಸಿಳಿದು ಬಂದು, ಮುಖ ತೊಳೆದು, ಚೂರುಗಳನ್ನು ಅಂಗೈಯಲ್ಲೇ ಹಿಡಿದುಕೊಂಡು, ಅವರ ಮನೆಯಿಂದ ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದೆ. ಎರಡು ಬಡಿಯುವುದು, ಸುಮ್ಮನೆ ಕಾಯುವುದು. ಕೂಗಾಡುವುದಿಲ್ಲ, ಮತ್ತೊಮ್ಮೆ ಬಡಿಯುವುದಿಲ್ಲ. ಬರದಿದ್ದರೆ ನಾನೇ ಎರಡು ಹೆಜ್ಜೆ ಹತ್ತಿರ ಹೋಗಿ ಮತ್ತೆ ಎರಡು ಬಡಿಯುವುದು. ಮೊದಲ ದಿನ ಅದು ಕಿವಿ ಅಲುಗಾಡಿಸಿತು. ಎರಡನೆಯ ದಿನ ಎದ್ದು, ನನ್ನ ಕಡೆ ಅರ್ಧ ದಾರಿ ಬಂದು, ವಾಪಸ್ಸು ಹೋಗಿ ಬಾಗಿಲಿಗೆ ಒರಗಿಕೊಂಡಿತು. ಆದರೂ ನಾನು ಕೂಗಲಿಲ್ಲ. ಮೂರನೆಯ ದಿನ ಪೂರ್ತಿ ಒಂದು ಸಲವೂ ಏಳಲಿಲ್ಲ. ನಾಲ್ಕನೆಯ ದಿನ ಎರಡು ಸಲ ಬಂತು, ಮೂರು ಸಲ ಬರಲಿಲ್ಲ. ಹೀಗೆ ಒಂದು ದಿನ ಮುಂದೆ, ಒಂದು ದಿನ ಹಿಂದೆ.

ಅಮಾವಾಸ್ಯೆಯ ಹಿಂದಿನ ಸಂಜೆ ನಮ್ಮವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸರಪಳಿ ಅವರ ಕೈಯಲ್ಲಿತ್ತು, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವುದೆಂದು ಹೇಳಿದ್ದರು. ಬುಜ್ಜಿ ಎಂದಿನ ಹಾಗೆ ತಾತನ ಬಾಗಿಲ ಸಂದಿಯಲ್ಲಿ ಮೂತಿ ಇಟ್ಟು ಮಲಗಿತ್ತು. ಇದು ಬರದಿದ್ದರೆ ನಾಳೆ ಈ ಹೊತ್ತಿಗೆ ಕೊಟ್ಟಿಗೆಯ ಕಂಬದಲ್ಲಿ ಇರುತ್ತದೆ. ಸಿಕ್ಕಾಪಟ್ಟೆ ಬಡಿಯಬೇಕು, ಅರಚಬೇಕು ಅನ್ನಿಸಿತು. ಹಲ್ಲು ಕಚ್ಚಿ ಎರಡೇ ಬಡಿದೆ.

ಅದು ತಲೆ ಎತ್ತಿತು. ಬಾಗಿಲನ್ನು ನೋಡಿತು, ನನ್ನನ್ನು ನೋಡಿತು. ಮತ್ತೆ ಬಾಗಿಲನ್ನು ನೋಡಿತು. ಆಮೇಲೆ ಎದ್ದು, ಮೈ ಕೊಡವಿ, ನೆಟ್ಟಗೆ ನನ್ನ ಹತ್ತಿರ ಬಂದು ಕೂತಿತು.

ಇನ್ನೂ ನಾಲ್ಕು ಸಲ ಕರೆದೆ. ನಾಲ್ಕು ಸಲವೂ ಬಂತು. ನಮ್ಮವರು ಸರಪಳಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. “ಇರ್ಲಿ ಬಿಡು, ನಿನ್ ಮಾತು ಕೇಳ್ತದೆ,” ಅಂದರು. ಹನ್ನೊಂದು ವರ್ಷಕ್ಕೆ ಮೊದಲ ಸಲ ನಾನು ಹೇಳದೆಯೇ ನನಗೊಂದು ಲೋಟ ಟೀ ತಂದುಕೊಟ್ಟರು. ಬುಜ್ಜಿಯನ್ನು ಅಪ್ಪಿಕೊಂಡು ಒಳಗೆ ಹೋಗುವಾಗ ತಾತನ ಮನೆಯಿಂದ ಕೆಮ್ಮು ಕೇಳಿಸಿತು. ಬಹಳ ಹೊತ್ತಿನ ಕೆಮ್ಮು. ಹತ್ತು ಹೆಜ್ಜೆ ನಡೆದು ಹೋಗಿ ‘ತಾತಾ, ಮರಿ ಉಳೀತು’ ಅನ್ನಬಹುದಿತ್ತು. ತೆಗೆಯದ ಬಾಗಿಲಿಗೆ ನಾನು ಯಾಕೆ ಹೋಗಲಿ ಎಂದುಕೊಂಡೆ. ಕೆಮ್ಮು ಕೇಳದಿರಲಿ ಎಂದು ನಮ್ಮ ಮನೆಯ ಬಾಗಿಲನ್ನೂ ಹಾಕಿಬಿಟ್ಟೆ.

ಅದಾದ ಮೂರನೆಯ ದಿನ ಬೆಳಿಗ್ಗೆ ತಾತ ಹೋದರು. ಸಾಲಿನವರೆಲ್ಲ ಸೇರಿ ಮಾಡಬೇಕಾದ್ದನ್ನು ಮಾಡಿದರು. ನಾನೂ ಹೂವು ಹಾಕಿ ಬಂದೆ. ಅಳು ಬರಲಿಲ್ಲ. ಸಿಟ್ಟು ಇನ್ನೂ ಎದೆಯಲ್ಲೇ ಇತ್ತು, ಸತ್ತವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೇನಲ್ಲ ಎಂದು ನನ್ನ ಮೇಲೆಯೂ ಸಿಟ್ಟು.

ತಿಥಿ ಎಲ್ಲ ಮುಗಿದ ಮೇಲೆ ಒಂದು ದಿನ ಅಜ್ಜಿಗೆ ಸಾರು ತೆಗೆದುಕೊಂಡು ಹೋದೆ. ಬುಜ್ಜಿಯೂ ಹಿಂದೆಯೇ ಬಂತು. ಹೊಸ್ತಿಲಲ್ಲಿ ಒಂದು ಬಡಿದೆ, ಹೊರಗೇ ಕೂತಿತು. ಅಜ್ಜಿ ಅದನ್ನು ನೋಡಿ ನನ್ನ ಕೈ ಹಿಡಿದು ಕೂರಿಸಿಕೊಂಡರು. ಬಾಗಿಲಿಗೆ ಅಂಟಿಕೊಂಡ ಹಾಗೆ ತಾತನ ಮಂಚ ಇತ್ತು. ಆ ಜಾಗದಲ್ಲಿ ಮಂಚ ಹಾಕಿದರೆ ಮನೆಯೊಳಗೆ ಓಡಾಡುವುದೇ ಕಷ್ಟ.

“ಅವ್ರೇ ಅಲ್ಲಿಗೆ ಎಳ್ಸಿದ್ರು,” ಅಂದರು ಅಜ್ಜಿ. “ಬಸ್ಸು ಬಂದ ದಿನವೇ. ನಾಯಿ ನನ್ ಮಾತು ಕೇಳ್ತೈತೆ, ಆಯಮ್ಮನ್ ಮಾತು ಕೇಳಲ್ಲ, ನಾನಿನ್ನು ಎಷ್ಟು ದಿನ ಇರ್ತೀನಿ ಅಂದ್ರು. ನಾನು ಕಾಣ್ದೆ ಇದ್ರೇನೇ ಅದು ಆಯಮ್ಮನತ್ರ ಓಗೋದು ಅಂದ್ರು. ನಿನ್ಗೆ ಏಳ್ಬ್ಯಾಡ ಅಂದ್ರು. ಏಳಿದ್ರೆ ನೀನು ಅತ್ಕಂಡು ಬಾಗ್ಲು ತೆಗುಸ್ತೀಯಂತೆ.”

ಅಜ್ಜಿ ಮಂಚದ ಅಂಚನ್ನು ಕೈಯಿಂದ ಸವರಿ ತೋರಿಸಿದರು.

“ದಿನಾ ಸಂಜೆ ಇಲ್ಲೇ ಕೂತ್ಕತಿದ್ರು. ಮರಿ ಆ ಕಡೆ ಕೆರೀತಿತ್ತು, ಇವ್ರು ಈ ಕಡೆ ಕೂತಿರೋರು. ಕೆಮ್ಮಿದ್ರೆ ಅದ್ಕೆ ಗೊತ್ತಾಗ್ಬಿಡ್ತದೆ ಅಂತ ಬಾಯಿಗೆ ಟವಲ್ ತುರುಕ್ಕಂಡು ಕೂತಿರೋರು ಕಣಮ್ಮ. ಕಣ್ಣು ಗುಡ್ಡೆ ಈಚೆ ಬರೋದು. ಬ್ಯಾಡ ಬುಡಿ, ಪ್ರಾಣ ಓಗ್ತದೆ ಅಂದ್ರೆ ಕೈ ಎತ್ತೋರು. ಅವತ್ತು ಮರಿ ಎದ್ದು ನಿನ್ನತ್ರ ಓಯ್ತಲ್ಲ, ಅದ್ರ ಕಾಲ್ ಸದ್ದು ಕೇಳುಸ್ಕಂಡು, ಓಯ್ತು ಅಂದ್ರು. ನೀನು ಐದು ಸಲ ಕರ್ಯೋವರ್ಗೂ ತಡ್ಕಂಡ್ರು. ಆಮೇಲೆ ಟವಲ್ ತೆಗ್ದು ಕೆಮ್ಮಿದ್ರು. ಏನ್ ಕೆಮ್ಮು ಅಂತೀಯ.”

ನನಗೆ ಗೊತ್ತಿತ್ತು ಏನು ಕೆಮ್ಮು ಎಂದು. ಆ ಕೆಮ್ಮಿಗೇ ನಾನು ಬಾಗಿಲು ಹಾಕಿಕೊಂಡಿದ್ದು. ಇನ್ನೊಂದನ್ನು ಕೇಳದೆ ಇರಲು ಆಗಲಿಲ್ಲ.

“ಅಜ್ಜೀ, ನಾನು ಬೈದಿದ್ದು... ಅದು ಕೇಳಿಸ್ತಾ ಅವ್ರಿಗೆ?”

“ಕೇಳಿಸ್ದೆ ಏನು? ಇಲ್ಲೇ ಕೂತಿದ್ರಲ್ಲ. ನನಗೇ ಕ್ವಾಪ ಬಂದು ಎದ್ದೆ, ನನ್ ಸೆರಗು ಇಡ್ಕಂಡ್ರು. ಬೈಲಿ ಬುಡು ಅಂದ್ರು. ಕ್ವಾಪ ಬಂದ್ರೆ ಭಯ ಓಗ್ತದೆ, ಇನ್ನು ಆಯಮ್ಮ ಕಲೀತಾಳೆ, ಮರಿ ಉಳೀತದೆ ಅಂದ್ರು.”

ನಾನು ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಅಜ್ಜಿ ಬೆನ್ನು ಸವರಿದರು, ಸಮಾಧಾನ ಹೇಳಿದರು, ಸಾರು ಆರುತ್ತದೆ ಅಂದರು. ಏನು ಹೇಳಿದರೂ ನನ್ನ ಅಳು ನಿಲ್ಲಲಿಲ್ಲ. ಕ್ಷಮಿಸಿ ಎಂದು ಯಾರಿಗೆ ಹೇಳಲಿ, ಎಲ್ಲಿಗೆ ಹೋಗಿ ಹೇಳಲಿ? ಬಾಗಿಲು ಪೂರ್ತಿ ತೆರೆದೇ ಇತ್ತು. ಬುಜ್ಜಿ ಹೊಸ್ತಿಲಾಚೆ ಕೂತು, ತಾತನ ಮಂಚದ ಕಡೆ ತಿರುಗದೆ, ನನ್ನನ್ನೇ ನೋಡುತ್ತಿತ್ತು. ಕತ್ತಲಾಗುವವರೆಗೆ ಹಾಗೇ ಕೂತಿತ್ತು, ನಾನು ಕರೆಯಲಿ ಎಂದು.